ವಾಸ್ಸಾ ಬಿಟ್ಟ ಇಪ್ಪತ್ತೆಂಟು ದಿನ

ಹಿದಾರ್ ತಿಂಗಳು 6

ಸಹಕಾರ ಸಂಘದವರು ಈ ಪುಸ್ತಕ ಕೊಟ್ಟದ್ದು ಕಾಫಿ ಒಣಗಿಸುವ ಮಂಚಗಳ ಬಿಸಿಲು, ತೇವ ಬರೆದಿಡಲು. ಪುಸ್ತಕದ ಮುಂಭಾಗದಲ್ಲಿ ಅದನ್ನೇ ಬರೆಯುತ್ತೇನೆ. ಹಿಂಭಾಗದ ಪುಟಗಳು ನನ್ನವು. ಹೆಂಡತಿ ವರ್ಕ್‌ನೆಶ್‌ಗೆ ಓದು ಬರುತ್ತದೆ, ಆದರೆ ನನ್ನ ಅಕ್ಷರ ಬಿಡಿಸುವಷ್ಟು ತಾಳ್ಮೆ ಅವಳಿಗಿಲ್ಲ. ಹಾಗಾಗಿ ಧೈರ್ಯವಾಗಿ ಬರೆಯಬಹುದು.

ನಮ್ಮ ಗುಡ್ಡದ ಇಪ್ಪತ್ತೇಳು ಮನೆಗಳಿಗೆ ಈ ವರ್ಷ ಪರವಾನಗಿ ಸಿಕ್ಕಿದೆ. ಇಷ್ಟು ವರ್ಷ ಹಣ್ಣು ಕಿತ್ತು ಅವತ್ತವತ್ತೇ ದಲ್ಲಾಳಿಯ ತಕ್ಕಡಿಗೆ ಸುರಿದು, ಅವನು ಹೇಳಿದ ಬೆಲೆಗೆ ತಲೆಯಾಡಿಸಿ ಬರುತ್ತಿದ್ದವರು. ಈಗ ನಾವೇ ತೊಳೆದು, ನಾವೇ ಒಣಗಿಸಿ, ಚೀಲದ ಮೇಲೆ ಊರಿನ ಹೆಸರು ಹಾಕಿ ಮಾರಬಹುದು. ಹವಾಸಾ ಪಟ್ಟಣದ ರುಚಿಕೋಣೆಯವರು ಕಾಫಿ ಕುಡಿದು ಒಪ್ಪಿದರೆ ಪರವಾನಗಿ ಉಳಿಯುತ್ತದೆ. ಒಪ್ಪದಿದ್ದರೆ ಮತ್ತೆ ದಲ್ಲಾಳಿಯೇ ಗತಿ.

ಆ ತಕ್ಕಡಿಯ ಹಿಂದೆ ಎಂಟು ವರ್ಷ ನಿಂತವನು ನಾನೇ. ತೂಗುವಾಗ ತೂಕ ಕಡಿಮೆ ಬರಲೆಂದು ಚೀಲದ ಅಡಿಗೆ ಗೊತ್ತಾಗದಂತೆ ಮೊಣಕಾಲು ಕೊಡುವುದನ್ನು ದಲ್ಲಾಳಿ ಹೇಳಿಕೊಟ್ಟ, ಕೊಟ್ಟವನು ನಾನು. ಅದನ್ನು ಬಿಟ್ಟು ಬಂದು ಸಂಘದ ಮೇಲ್ವಿಚಾರಕನಾಗಿದ್ದೇನೆ. ಇದು ಕೈಕೊಟ್ಟರೆ ಹೋಗಿ ನಿಲ್ಲಲು ನನಗೆ ಇನ್ನೊಂದು ಜಾಗವಿಲ್ಲ.

ಆದರೆ ಕೈಕೊಡುವುದಿಲ್ಲ. ತರಬೇತಿಗೆ ಹೋಗಿದ್ದ ಹದಿನೆಂಟು ಜನರಲ್ಲಿ ವಾಸನೆ ಹಿಡಿಯುವುದರಲ್ಲಿ ನನ್ನ ಮೂಗೇ ಮೊದಲು. ಇವತ್ತು ಹೆಂಗಸರಿಗೆಲ್ಲ ಅದನ್ನು ತಿಳಿಸಿದೆ. ಬೀಜ ಆರಿಸುವವರ ಮುಂದಾಳು ದಾಂಚಿಲೆ ಎಂಬ ಮುದುಕಿ ಪೂರ್ತಿ ಕೇಳಿಸಿಕೊಂಡು, ಎಲ್ಲರ ಮುಂದೆ ಕೇಳಿದಳು: "ಮೂಗಿನ ಸಮಾಚಾರ ತಿಳೀತಪ್ಪ. ಮೊಣಕಾಲು ಹೇಗಿದೆ ಈಗ?"

ಹೆಂಗಸರು ನಕ್ಕರು. ಮುದುಕಿಯ ಬಾಯಿಗೆ ಬೀಗ ಹಾಕಬೇಕು.

ಹಿದಾರ್ 12

ನಿನ್ನೆಯ ಗಾಳಿಗೆ ನೆರಳು ಬಲೆಗಳು ಚಿಂದಿಯಾದವು. ಹಸಿ ಬೀಜಕ್ಕೆ ನಡು ಹಗಲಿನ ಬಿಸಿಲು ಬಿದ್ದರೆ ಸಿಪ್ಪೆ ಬಿರಿಯುತ್ತದೆ, ಆಮೇಲೆ ಏನು ಮಾಡಿದರೂ ಅಷ್ಟೇ. ಹೊಸ ಬಲೆ ಬರಲು ಎರಡು ತಿಂಗಳು ಎಂದರು ಸಂಘದ ಕಚೇರಿಯವರು.

ನನ್ನ ತಲೆ ಓಡಿತು. ವೇಸೆ ಬಾಳೆ ಇಲ್ಲದ ಮನೆ ನಮ್ಮಲ್ಲಿಲ್ಲ. ಅದರ ತಿರುಳನ್ನು ಹೂತು ಹುಳಿ ಬರಿಸಿ ನಮ್ಮ ನಿತ್ಯದ ಊಟವಾದ ವಾಸ್ಸಾ ಮಾಡುವ ಗುಂಡಿ ಹಿತ್ತಲಲ್ಲಿಲ್ಲದ ಮನೆಯೂ ಇಲ್ಲ. ಪ್ರತಿ ಗುಂಡಿಗೂ ಹೊದಿಸಲು ನಾರಿನ ಚಾಪೆಗಳಿರುತ್ತವೆ. ತೊಳೆದು, ಬಿಸಿಲಿಗೆ ಹಾಕಿ, ತನ್ನಿ ಎಂದೆ. ಸಂಜೆಯೊಳಗೆ ಎಲ್ಲ ಮಂಚಗಳಿಗೂ ಸಾಕಾಗಿ ಮಿಕ್ಕಿದವು. ದಾಂಚಿಲೆ ಆರು ತಂದಳು, ತನ್ನವೇ ಹೆಚ್ಚು ಎಂದು ಎರಡು ಸಲ ಹೇಳಿಕೊಂಡಳು. ಒಂದೊಂದನ್ನೂ ನಾನೇ ಮೂಸಿ ನೋಡಿದೆ. ಯಾವ ವಾಸನೆಯೂ ಇಲ್ಲ, ಶುದ್ಧ.

ಸಂಘದ ಅಧ್ಯಕ್ಷರು ಹಮೆಸ್ಸೊ ಹಿರಿಯರು ಬೆನ್ನು ತಟ್ಟಿದರು. ಇಂಥದ್ದನ್ನು ಹವಾಸಾದ ದೊಡ್ಡ ಓದಿನವರು ಯೋಚಿಸಲಾರರು. ವಾರ್ಷಿಕ ವರದಿಯಲ್ಲಿ ಬರೆಯುತ್ತೇನೆ.

ಹಿದಾರ್ 30

ಏನು ಬರೆಯಲಿ.

ಹವಾಸಾದ ರುಚಿಕೋಣೆಯ ಮುಖ್ಯಸ್ಥೆ ಹಿರುತ್ ಮೇಡಂ ಬಂದಿದ್ದರು. ದೂರದ ಉತ್ತರದ ಗೊಂದರ್ ಕಡೆಯವರು, ಇಲ್ಲಿಗೆ ಬಂದು ಎರಡು ತಿಂಗಳೂ ಆಗಿಲ್ಲ. ನಮ್ಮ ಬೀಜವನ್ನು ತಾವೇ ಹುರಿದು, ಪುಡಿ ಮಾಡಿ, ಐದು ಬಟ್ಟಲಲ್ಲಿ ಬಿಸಿನೀರು ಸುರಿದು, ಚಮಚದಲ್ಲಿ ಎತ್ತಿ ಸೊರ್ರೆಂದು ಹೀರಿ ಉಗಿದರು. ಮೊದಲ ಬಟ್ಟಲಿಗೇ ಅವರ ಮುಖ ಕೆಟ್ಟಿತು. ಐದಕ್ಕೂ ಹಾಗೆಯೇ.

"ಏನೋ ಒಂಥರಾ ಹುಳಿತ ವಾಸನೆ ಬರ್ತಿದೆ. ಮಜ್ಜಿಗೆಯದ್ದಲ್ಲ, ಈರುಳ್ಳಿಯದ್ದೂ ಅಲ್ಲ. ಏನು ಅಂತ ನನಗೆ ಹೇಳೋಕೆ ಬರ್ತಿಲ್ಲ. ಆದ್ರೆ ಇದೆ."

ನಾನು ಹೀರಿದೆ. ಹಮೆಸ್ಸೊ ಹೀರಿದರು. ನಮಗೆ ಏನೂ ಇಲ್ಲ. ಚೆನ್ನಾಗಿದೆ, ಬೆಣ್ಣೆ ಉಪ್ಪು ಬಿದ್ದರೆ ಇನ್ನೂ ಚೆನ್ನ.

ಈ ಬೀಜವೆಲ್ಲ ಮೂರನೆಯ ದರ್ಜೆಗೆ ಹೋಯಿತು. ಗುಡ್ಡದ ಮೇಲ್ಭಾಗದ ಗಿಡಗಳ ಹಣ್ಣು ತಡವಾಗಿ ಕೆಂಪಾಗುವುದರಿಂದ ಅದೊಂದು ಬಾಕಿ ಇದೆ. "ತಿರ್ ತಿಂಗಳ ಆರಕ್ಕೆ ಹವಾಸಾಕ್ಕೆ ತನ್ನಿ. ಅದೂ ಹೀಗೇ ಇದ್ರೆ ಪರವಾನಗಿಗೆ ನಾನು ಸಹಿ ಹಾಕೋಕಾಗಲ್ಲ, ಬೇಜಾರು ಮಾಡ್ಕೋಬೇಡಿ" ಎಂದರು. ಮಧ್ಯಾಹ್ನ ದಾಂಚಿಲೆ ಮನೆಯಲ್ಲಿ ಊಟಕ್ಕೆ ಏರ್ಪಾಡಾಗಿತ್ತು. ತಟ್ಟೆ ಮುಂದಿಟ್ಟರೆ ಎರಡು ಚೂರು ಸೊಪ್ಪು ತಿಂದು, ಹೊಟ್ಟೆ ಸರಿಯಿಲ್ಲ ಎಂದು ಎದ್ದರಂತೆ. ಪಟ್ಟಣದವರ ಕೊಬ್ಬು.

ಯಾರದೋ ಅಡ್ಡಾದಿಡ್ಡಿ ಕೆಲಸ ಇದು. ಹಿಡಿಯುತ್ತೇನೆ.

ತಾಹ್ಸಾಸ್ 2

ತೊಟ್ಟಿ ಖಾಲಿ ಮಾಡಿಸಿ ಉಜ್ಜಿಸಿದೆ. ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರನ್ನು ಬಿಚ್ಚಿ ತೊಳೆದೆ. ಹೊಳೆಯ ನೀರು ಮೂಸಿದೆ. ಏನೂ ಇಲ್ಲ. ಆಮೇಲೆ ಬುಟ್ಟಿಗಳ ಸರದಿ. ದಾಂಚಿಲೆಯ ಸೊಸೆ ಮೆಸೆರೆಟ್‌ಳ ಬುಟ್ಟಿಯಲ್ಲಿ ಮಾಗಿ ಕಪ್ಪಾದ ಹಣ್ಣು ಸಿಕ್ಕಿತು. ಬುಟ್ಟಿಯನ್ನು ಅಲ್ಲೇ ನೆಲಕ್ಕೆ ಸುರಿದೆ. ನಿಮ್ಮಂಥ ಸೋಮಾರಿಗಳಿಂದ ಇಪ್ಪತ್ತೇಳು ಮನೆ ಹಾಳಾಗುತ್ತಿದೆ ಎಂದೆ. ಹುಡುಗಿ ಅತ್ತಳು.

ಮುದುಕಿ ಎದ್ದು ಬಂದು ನೆಲದ ಹಣ್ಣು ಆಯುತ್ತ ಹೇಳಿದಳು: "ಮೂರು ಹಣ್ಣು ಕಪ್ಪಾಗಿದ್ವು. ನಾನೇ ಎಣಿಸ್ದೆ. ಮೂರು ಹಣ್ಣಿಗೆ ಊರೆಲ್ಲ ಕೇಳೋ ಹಾಗೆ ಬೈತೀಯಲ್ಲ, ಆ ಎಂಟು ವರ್ಷಕ್ಕೆ ನಿನ್ನನ್ನ ಯಾರು ಬೈಬೇಕಿತ್ತು?"

ಶಿಸ್ತು ಅಂದರೆ ಇವರಿಗೆ ಆಗುವುದಿಲ್ಲ.

ತಾಹ್ಸಾಸ್ 4

ಹೆಂಗಸರು ಯಾರೂ ಕೆಲಸಕ್ಕೆ ಬರಲಿಲ್ಲ. ಮಂಚಗಳ ಹತ್ತಿರ ನಾನು ಮತ್ತು ಹಮೆಸ್ಸೊ ಅವರ ಎರಡು ಕೋಳಿ.

ತಾಹ್ಸಾಸ್ 5

ಇವತ್ತೂ ಅಷ್ಟೇ. ಮೇಲಿನ ಗಿಡಗಳಲ್ಲಿ ಹಣ್ಣು ಕೆಂಪಾಗುತ್ತಿದೆ, ಕೀಳುವವರಿಲ್ಲ. ದಲ್ಲಾಳಿ ಮೋಟಾರ್‌ಸೈಕಲ್ ನಿಲ್ಲಿಸಿ, ಇಳಿಯದೆಯೇ ಮಾತಾಡಿದ. "ನಿನ್ನ ಜಾಗ ಹಾಗೇ ಇಟ್ಟಿದೀನಿ ಕಣೋ ಲೆದಾಮೊ. ಮೊಣಕಾಲಿಗೆ ಚೂರು ಬೆಣ್ಣೆ ತಿಕ್ಕೊಂಡು ಬಾ."

ನಗಬೇಕೆಂದು ನಕ್ಕೆ. ಆಮೇಲೆ ಊಟ ಸೇರಲಿಲ್ಲ.

ತಾಹ್ಸಾಸ್ 6

ಹಮೆಸ್ಸೊ ಹಿರಿಯರು ಊರಿನ ಅತ್ತಿಮರದ ಕೆಳಗೆ ಸೊಂಗೊ ಕರೆದರು. ಈ ಊರ ಪಂಚಾಯಿತಿಯಲ್ಲಿ ಹೆಂಗಸರು ಕೂರುವ ವಾಡಿಕೆಯಿಲ್ಲ, ಆದರೆ ಸಂಘದ ಸದಸ್ಯರಲ್ಲಿ ಅರ್ಧ ಹೆಂಗಸರೇ, ಹಾಗಾಗಿ ಹಿಂದಿನ ಸಾಲಿನಲ್ಲಿ ಕೂತರು. ದಾಂಚಿಲೆ ನನ್ನ ಕಡೆ ಬೆನ್ನು ಮಾಡಿ ಕೂತಳು.

ನಾನು ಎದ್ದು ನಿಂತು ಹಣ್ಣು ಕೀಳುವ ನಿಯಮಗಳನ್ನು ಓದತೊಡಗಿದೆ. ಹಮೆಸ್ಸೊ ಕೋಲೆತ್ತಿ ತಡೆದರು.

"ಕೂತ್ಕೊ ಲೆದಾಮೊ. ನೀನು ಹೇಳೋದು ಆಮೇಲೆ. ಅಫೀನಿ ಆಗಿಲ್ಲ ಇನ್ನೂ."

ಅಫೀನಿ, ಅಂದರೆ ಕೇಳಿದಿರಾ, ತಿಳಿಯಿತಾ. ಅದನ್ನು ಕೇಳದೆ ನಮ್ಮಲ್ಲಿ ಒಂದು ಹಸುವಿನ ಜಗಳವೂ ತೀರ್ಮಾನವಾಗುವುದಿಲ್ಲ. ಹಿರಿಯರು ಒಬ್ಬೊಬ್ಬರತ್ತ ತಿರುಗಿ ಕೇಳಬೇಕು, ಒಬ್ಬೊಬ್ಬರೂ ತಾವು ಕಂಡದ್ದನ್ನು ಹೇಳಬೇಕು, ಉಳಿದವರು ಬಾಯಿ ಮುಚ್ಚಿ ಕೇಳಬೇಕು. ಹುಟ್ಟಿದಾಗಿನಿಂದ ನೋಡಿದ ಪದ್ಧತಿ. ಈ ಒಂದು ತಿಂಗಳಲ್ಲಿ ಒಮ್ಮೆಯಾದರೂ ನಾನು ಯಾರನ್ನಾದರೂ ಹಾಗೆ ಕೇಳಿದ್ದೆನೇ ಎಂದು ಕೂತಲ್ಲೇ ಯೋಚಿಸಿದೆ. ಕೇಳಿರಲಿಲ್ಲ.

ಒಬ್ಬ ನೀರು ಎಂದ, ಒಬ್ಬ ಗೊಬ್ಬರ ಎಂದ. ಮೆಸೆರೆಟ್ ತಲೆ ತಗ್ಗಿಸಿಕೊಂಡು, ತಾನು ಮೂರು ಹಣ್ಣು ನೋಡದೆ ಹಾಕಿದ್ದು ನಿಜ ಎಂದಳು. ಕೊನೆಗೆ ಹಮೆಸ್ಸೊ ಹಿಂದಿನ ಸಾಲಿಗೆ ತಿರುಗಿದರು. "ದಾಂಚಿಲೆ, ಅಫೀನಿ?"

"ನನಗೆ ಕಾಫಿ ವಾಸನೆ ಗೊತ್ತಿಲ್ಲ, ಮುಖ ಗೊತ್ತು" ಎಂದಳು. "ಆ ಮೇಡಮ್ಮ ಕಾಫಿ ಹೀರಿದಾಗ ಮೂಗಿನ ಮೇಲೆ ಇಲ್ಲಿ, ಎರಡು ಗೆರೆ ಬಿತ್ತು. ಆಮೇಲೆ ನನ್ನ ಮನೇಲಿ ಊಟಕ್ಕೆ ಕೂತ್ಳಲ್ಲ, ನಾನು ಬಿಸಿ ವಾಸ್ಸಾ ರೊಟ್ಟಿ ಮುಂದಿಟ್ಟೆ. ಅದೇ ಎರಡು ಗೆರೆ ಬಿತ್ತು. ಪಾಪ, ಮರ್ಯಾದೆಗೆ ಹೊಟ್ಟೆ ನೋವು ಅಂದ್ಳು. ನಾನು ಎಂಟು ಮಕ್ಕಳಿಗೆ ತುತ್ತು ಹಾಕಿದವಳು, ಬೇಡದ ತುತ್ತಿಗೆ ಮುಖ ಹೇಗಾಗುತ್ತೆ ಅಂತ ನನಗೆ ಗೊತ್ತಿಲ್ವಾ? ಎರಡು ಸಲಾನೂ ಒಂದೇ ಮುಖ. ನಮ್ಮ ಕಾಫೀಲಿ ವಾಸ್ಸಾ ಸೇರಿದೆ."

ಯಾರೋ ನಕ್ಕರು. ಹಮೆಸ್ಸೊ ನಗಲಿಲ್ಲ. "ವಾಸ್ಸಾ ಕಾಫಿಗೆ ಹೇಗೆ ಸೇರುತ್ತೆ?"

ನನಗೆ ಆಗಲೇ ಹೊಳೆದಿತ್ತು. ಚಾಪೆಗಳು. ಹದಿನೆಂಟು ದಿನ, ಪ್ರತಿ ನಡು ಹಗಲು, ಹಸಿ ಬೀಜದ ಮೇಲೆ ಗುಂಡಿಯ ಚಾಪೆ. ತಂದವರೆಲ್ಲ ಹುಟ್ಟಿದಾಗಿನಿಂದ ವಾಸ್ಸಾ ತಿಂದವರು, ಮೂಸಿದವನೂ ವಾಸ್ಸಾ ತಿಂದವನು. ನಮ್ಮ ಮೈವಾಸನೆ ನಮಗೆ ಬರುತ್ತದೆಯೇ?

ಎದ್ದು ನಿಂತೆ. "ಚಾಪೆ ತನ್ನಿ ಅಂದವನು ನಾನು. ಮೂಸಿ ಸರಿಯಿದೆ ಅಂದವನೂ ನಾನೇ. ಮೆಸೆರೆಟ್‌ದು ತಪ್ಪಿಲ್ಲ."

ಆಮೇಲೆ ದಾಂಚಿಲೆ ನನ್ನ ಕಡೆ ತಿರುಗಿ ಕೂತಳು. "ಆರು ಚಾಪೆ ತಂದವಳು ನಾನು" ಎಂದಳು. "ಹೆಚ್ಚು ತಂದೆ ಅಂತ ಜಂಬ ಬೇರೆ."

ತಾಹ್ಸಾಸ್ 7

ಬೆಳಿಗ್ಗೆ ಮೆಸೆರೆಟ್ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವಳು ಕಾಫಿ ಕೊಟ್ಟಳು. ಮಾತು ಕೊಡಲಿಲ್ಲ. ಅದು ನ್ಯಾಯವೇ.

ಹೊತ್ತೇರುವ ಮೊದಲು ಮೇಲಿನ ಗಿಡಗಳಲ್ಲಿ ಇಪ್ಪತ್ತು ಬುಟ್ಟಿ ಕಂಡವು. ಎಣಿಸುವಾಗ ಕಣ್ಣು ತುಂಬಿತು, ಹೊಗೆಗೆ ಎಂದುಕೊಂಡೆ. ಹೊಗೆ ಇರಲಿಲ್ಲ.

ತಾಹ್ಸಾಸ್ 8

ಇವತ್ತಿನಿಂದ ವಾಸ್ಸಾ ಬಿಟ್ಟೆ. ತಿರ್ ಆರರವರೆಗೆ ಮುಟ್ಟುವುದಿಲ್ಲ. ನನ್ನ ಮೂಗು ನಂಬಿಕೆಯದಾಗಬೇಕಾದರೆ ಬೇರೆ ದಾರಿಯಿಲ್ಲ. ಜೋಳದ ರೊಟ್ಟಿ, ಆಲೂಗಡ್ಡೆ ಸಾಕು.

ವರ್ಕ್‌ನೆಶ್ ಸೌಟು ಹಿಡಿದುಕೊಂಡೇ ಹೇಳಿದಳು: "ನಿಮ್ಮಮ್ಮ ಹಾಲು ಬಿಡಿಸಿದ್ದೇ ಇದರಲ್ಲಿ. ಈಗ ಯಜಮಾನರಿಗೆ ವಾಸನೆಯಂತೆ. ಆಲೂಗಡ್ಡೆ ನೀವೇ ಬೇಯಿಸ್ಕೊಳಿ."

ಬೇಯಿಸಿಕೊಂಡೆ. ಒಳಗೆ ಹಸಿಯಿತ್ತು.

ತಾಹ್ಸಾಸ್ 11

ಚಾಪೆಗಳನ್ನೆಲ್ಲ ಅವರವರ ಗುಂಡಿಗೆ ಕಳಿಸಿದೆವು. ಮಂಚಗಳ ಮರವನ್ನು ಬೂದಿ ಹಾಕಿ ಉಜ್ಜಿದ್ದಾಗಿದೆ. ಈಗ ಹೊದಿಸುವುದು ಯಾವುದನ್ನು? ಬೀಜ ಒದ್ದೆಯಾಗಿ ಕೂತಿದೆ. ನಾಲ್ಕು ದಿನ ಹೆಂಗಸರು ಸರದಿಯ ಮೇಲೆ ನಿಂತು ವೇಸೆಯ ಹಸಿ ಎಲೆ ಅಡ್ಡ ಹಿಡಿದರು, ಅದು ಗಾಳಿಗೆ ಹರಿಯುತ್ತದೆ.

ಯೋಚಿಸಿ ಹೇಳುತ್ತೇನೆ ಎನ್ನಲು ಬಾಯಿ ತೆರೆದವನು, ಮುಚ್ಚಿ, ನೀವೇನಂತೀರಿ ಎಂದು ಕೇಳಿದೆ. ದಾಂಚಿಲೆ ಉತ್ತರ ಹೇಳದೆ ಮನೆಗೆ ಹೋದಳು. ಹೋಗಿ, ಚರ್ಚಿಗೆ ಮಾತ್ರ ಹೊದೆಯುವ ಬಿಳಿ ಹತ್ತಿ ಶಾಲು ತಂದಳು. ತೆಳ್ಳಗಿನ ನೇಯ್ಗೆ, ಬಿಸಿಲು ಸೋಸಿ ಬರುತ್ತದೆ, ಗಾಳಿಯೂ ಆಡುತ್ತದೆ. ಬಲೆಗಿಂತ ಚೆನ್ನ. ಸಂಜೆಗೆ ನಲವತ್ತು ಶಾಲು ಬಂದವು, ವರ್ಕ್‌ನೆಶ್‌ಳ ಮದುವೆಯದೂ ಒಂದು. ಅವಳು ನನಗೆ ಹೇಳಿಯೂ ಇರಲಿಲ್ಲ.

ತಾಹ್ಸಾಸ್ 16

ಬಂತು.

ಹೊತ್ತಿಳಿದ ಮೇಲೆ ಮನೆ ಬಾಗಿಲು ತೆರೆದೆ, ಒಳಗಿಂದ ಹುಳಿತ ವಾಸನೆ ಮುಖಕ್ಕೆ ರಪ್ಪನೆ ಬಡಿಯಿತು. ನಲವತ್ತಾರು ವರ್ಷದಲ್ಲಿ ಮೊದಲ ಸಲ. ಹಿತ್ತಲಿಗೆ ಓಡಿ ಗುಂಡಿಯ ಚಾಪೆ ಎತ್ತಿ ಮೂಸಿದೆ. ಅದೇ. ದೇವರೇ, ಇಷ್ಟು ದೊಡ್ಡ ವಾಸನೆ, ಇಷ್ಟು ದಿನ ಎಲ್ಲಿತ್ತು?

ಕುಣಿಯುತ್ತ ಒಳಗೆ ಬಂದು, ನಮ್ಮ ಮನೆ ನಾರುತ್ತಿದೆ ಎಂದು ವರ್ಕ್‌ನೆಶ್‌ಗೆ ಹೇಳಿದೆ. ಸಂತೋಷದಲ್ಲಿ ಹೇಳಿದ್ದು. ಇವತ್ತು ಹೊರಜಗಲಿಯ ಮೇಲೆ ಮಲಗಿ ಬರೆಯುತ್ತಿದ್ದೇನೆ.

ತಾಹ್ಸಾಸ್ 17

ಒಂದೊಂದು ಶಾಲನ್ನೂ ಹೊಸ ಮೂಗಿನಿಂದ ಮೂಸಿದೆ. ಮೂವತ್ತೊಂದು ಪಾಸು, ಒಂಬತ್ತು ಫೇಲು. ತಲೆಗೂದಲಿಗೆ ಹಚ್ಚುವ ಬೆಣ್ಣೆ ಅವಕ್ಕೆ ಇಳಿದಿದೆ. ಮೊದಲು ತಂದ ಶಾಲೇ ಮೊದಲು ಫೇಲು.

"ನನ್ನದಾ?" ಎಂದಳು ದಾಂಚಿಲೆ ಅವ್ವ.

"ನಿಮ್ಮದೇ ಅವ್ವ."

ಕಸಿದುಕೊಂಡು ಹೋದಳು. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ಕೂತೆ. ಮಧ್ಯಾಹ್ನ ಸೋಪು ಹಾಕಿ ಎರಡು ಸಲ ಕುದಿಸಿದ ಶಾಲು ತಂದು ಮುಖದ ಮುಂದೆ ಹಿಡಿದಳು. ಮೂಸಿದೆ. ಪಾಸು. "ಈಗ ಮೂಗು ಕೆಲಸ ಮಾಡ್ತಿದೆ ಕಣಪ್ಪ" ಎಂದು ಗುಂಪಿಗೆ ಕೂಗಿ ಹೇಳಿದಳು.

ತಾಹ್ಸಾಸ್ 24

ಬೀಜ ಒಣಗಿತೇ ಎಂದು ನೋಡಲು ಸಂಘದ ತೇವದ ಯಂತ್ರ ತಂದೆ. ಅವ್ವ ಒಂದು ಬೊಗಸೆ ಎತ್ತಿ, ಕಿವಿಯ ಹತ್ತಿರ ಸಣ್ಣಗೆ ಸುರಿದು ಸದ್ದು ಕೇಳಿದಳು. "ಸಾಕು, ತೆಗೀರಿ." ಮೂರನೆಯ ಮಂಚಕ್ಕೆ, "ಇದಕ್ಕೆ ನಾಳೆ ಒಂದು ಬಿಸಿಲು ಬೇಕು." ಯಂತ್ರವೂ ಅದನ್ನೇ ಹೇಳಿತು, ಮಂಚ ಮಂಚಕ್ಕೂ. ಹೇಗೆ ಗೊತ್ತಾಗುತ್ತದೆ ಎಂದು ಕೇಳಿ, ಅರ್ಧ ದಿನ ಪಕ್ಕದಲ್ಲಿ ಕೂತು ಕಲಿತೆ. ಹಸಿ ಬೀಜ ಮಂದವಾಗಿ ಬೀಳುತ್ತದೆ, ಒಣಗಿದ್ದು ಗಲಗಲ ಎನ್ನುತ್ತದೆ. ನನಗೆ ಹತ್ತರಲ್ಲಿ ನಾಲ್ಕು ಸರಿಯಾದವು. ಮೆಸೆರೆಟ್ ಬಾಯಿಗೆ ಶಾಲು ಅಡ್ಡ ಹಿಡಿದು ನಕ್ಕಳು. ನಕ್ಕಳಲ್ಲ, ಅಷ್ಟು ಸಾಕು.

ತಿರ್ 4

ಕ್ರಿಸ್ಮಸ್ ಕಳೆಯಿತು. ಮನೆ ಮನೆಯಲ್ಲೂ ವಾಸ್ಸಾ ರೊಟ್ಟಿಗೆ ಬೆಣ್ಣೆ ಸುರಿದು ಉಂಡರು. ನಾನು ಆಲೂಗಡ್ಡೆ ತಿಂದೆ. ಈಗ ಚೆನ್ನಾಗಿ ಬೇಯಿಸುತ್ತೇನೆ.

ನಾಡಿದ್ದು ಹವಾಸಾ. ಒಬ್ಬನೇ ಹೋಗು ಎಂದರು ಹಮೆಸ್ಸೊ. ಅವ್ವನೂ ಬರಲಿ ಎಂದೆ. ಅವರು ಒಪ್ಪಿದರು.

ತಿರ್ 6

ನಿದ್ದೆ ಬರುವುದಿಲ್ಲ ಇವತ್ತು. ಎಲ್ಲ ಬರೆದೇ ಮಲಗುವುದು.

ರುಚಿಕೋಣೆಯಲ್ಲಿ ಬಿಳಿ ಗೋಡೆ, ಉದ್ದ ಮೇಜು, ಐದು ಬಟ್ಟಲು. ಅವ್ವ ಕುದಿಸಿದ ಶಾಲು ಹೊದ್ದು, ಮೇಜಿನ ಆ ಕಡೆ, ಹಿರುತ್ ಮೇಡಂ ಎದುರಿಗೇ ಕುರ್ಚಿ ಎಳೆದುಕೊಂಡು ಕೂತಳು. ಅಲ್ಲಿ ಕೂರುವ ಹಾಗಿಲ್ಲ ಎಂದು ಒಬ್ಬ ಹೇಳಲು ಬಂದ. ಮೇಡಂ, ಇರಲಿ ಬಿಡಿ ಎಂದರು.

ಮೊದಲ ಬಟ್ಟಲು ಹೀರಿ ಉಗಿದರು. ಎರಡನೆಯದು. ಮುಖದಲ್ಲಿ ಏನೂ ಇಲ್ಲ, ಗೋಡೆಯಷ್ಟೇ ಸಪಾಟು. ಮೂರನೆಯದನ್ನು ಎರಡು ಸಲ ಹೀರಿದರು. ಅಲ್ಲಿಗೆ ನನ್ನ ಕಥೆ ಮುಗಿಯಿತು ಎಂದುಕೊಂಡೆ. ತಕ್ಕಡಿಯ ಕೊಕ್ಕೆ ಕಣ್ಣ ಮುಂದೆ ಬಂತು. ನಾಲ್ಕು. ಐದು. ಮೇಡಂ ಪೆನ್ನು ಎತ್ತಿಕೊಂಡರು, ಇನ್ನೂ ಒಂದಕ್ಷರ ಬರೆದಿಲ್ಲ.

ಅವ್ವ ಎದ್ದು ನಿಂತಳು. "ನಡಿ ಲೆದಾಮೊ, ಬಸ್ಸಿಗೆ ಹೊತ್ತಾಗುತ್ತೆ. ಗೆದ್ವಿ."

"ನಾನು ಬರೆದೇ ಇಲ್ವಲ್ಲ ತಾಯಿ" ಎಂದರು ಮೇಡಂ.

"ನೀನು ನಿಧಾನಕ್ಕೆ ಬರ್ಕೊ ಮಗಳೇ. ಆವತ್ತು ನಿನ್ನ ಮೂಗಿನ ಮೇಲೆ ಎರಡು ಗೆರೆ ಬಿದ್ದಿತ್ತು. ಇವತ್ತು ಐದು ಬಟ್ಲಿಗೂ ಬೀಳಲಿಲ್ಲ. ಮೂರನೇದು ಬೇಕು ಅಂತ್ಲೇ ಎರಡು ಸಲ ಕುಡಿದೆ."

ಮೇಡಂ ಪೆನ್ನು ಕೆಳಗಿಟ್ಟು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಬರೆದು ಹಾಳೆ ನಮ್ಮ ಕಡೆ ತಿರುಗಿಸಿದರು. ನೂರಕ್ಕೆ ಎಂಬತ್ತೆಂಟು, ಮೊದಲ ದರ್ಜೆ. ಪರವಾನಗಿಗೆ ಅಲ್ಲೇ ಸಹಿ. ಕೊಳ್ಳುವವರು ಹೊರಗೆ ಕಾಯುತ್ತಿದ್ದಾರೆ, ಅವಸರದಲ್ಲಿ ಮೊದಲು ಹೇಳಿದ ಬೆಲೆಗೆ ಒಪ್ಪಬೇಡಿ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ನಾನು ಒಪ್ಪಲಿಲ್ಲ. ನಾಲ್ಕನೆಯ ಬೆಲೆಗೆ ಒಪ್ಪಿದೆ, ದಲ್ಲಾಳಿ ಕೊಡುತ್ತಿದ್ದುದರ ಎರಡೂವರೆ ಪಟ್ಟು.

ಹೊರಡುವಾಗ ಮೇಡಂ ಅವ್ವನಿಗೆ ಚಮಚ ಕೊಟ್ಟು, ನೀವೂ ನೋಡಿ, ಹೀರಿ ಈ ಡಬ್ಬಿಗೆ ಉಗಿಯಿರಿ ಎಂದರು. ಅವ್ವ ಚಮಚ ಬದಿಗಿಟ್ಟು ಬಟ್ಟಲನ್ನೇ ಎತ್ತಿದಳು. ಉಪ್ಪಿಲ್ಲ, ಬೆಣ್ಣೆಯಿಲ್ಲ, ತಣ್ಣಗಾಗಿದೆ. ಕುಡಿದಳು. ಇನ್ನೊಂದನ್ನೂ. ಐದೂ ಖಾಲಿ.

"ಉಗಿಯೋದು ಬೇಡ್ವಾ ತಾಯಿ?"

"ಉಗಿಯೋಕೆ ಬೆಳೆದಿಲ್ಲ ಮಗಳೇ. ಐವತ್ತು ವರ್ಷ ಕಿತ್ತು ಕಿತ್ತು ಕಳಿಸಿದೀನಿ, ಒಳ್ಳೇದು ಹೇಗಿರುತ್ತೆ ಅಂತ ಇವತ್ತು ಗೊತ್ತಾಯ್ತು." ಬಟ್ಟಲು ಮೇಜಿನ ಮೇಲಿಟ್ಟು, ಶಾಲಿನ ಅಂಚಿನಲ್ಲಿ ಬಾಯಿ ಒರೆಸಿಕೊಂಡಳು. ಆಮೇಲೆ ಸ್ವಲ್ಪ ಹೊತ್ತು ಆ ಅಂಚನ್ನು ಕಣ್ಣಿಗೂ ಒತ್ತಿಕೊಂಡಿದ್ದಳು.

ಊರಿನ ತಿರುವಿನಲ್ಲಿ ಬಸ್ಸು ನಿಂತಾಗ ಇಪ್ಪತ್ತೇಳು ಮನೆಯವರೂ ರಸ್ತೆಯಲ್ಲಿದ್ದರು. ನಾನು ಹಾಳೆ ಬಿಚ್ಚುವ ಮೊದಲೇ ಅವ್ವ ಬಾಗಿಲಲ್ಲಿ ನಿಂತು ತನ್ನ ಮೂಗಿನ ಮೇಲೆ ಬೆರಳಿಟ್ಟು, ಗೆರೆಯಿಲ್ಲ ಎಂದು ಸನ್ನೆ ಮಾಡಿದಳು. ಅಷ್ಟಕ್ಕೇ ಹೆಂಗಸರು ಉಲುಲು ಎಂದು ನಾಲಿಗೆ ಕುಣಿಸಿದರು, ಗುಡ್ಡದ ಆಚೆಗೂ ಕೇಳಿರಬೇಕು. ಮೆಸೆರೆಟ್ ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಎಲ್ಲರಿಗೂ ಓದಿ ಹೇಳಿದಳು. ದಲ್ಲಾಳಿಯ ಮೋಟಾರ್‌ಸೈಕಲ್ ದೂರದಲ್ಲಿ ನಿಂತಿತ್ತು. ಆಮೇಲೆ ನೋಡಿದಾಗ ಇರಲಿಲ್ಲ.

ಮನೆಯಲ್ಲಿ ವರ್ಕ್‌ನೆಶ್ ಬಿಸಿ ವಾಸ್ಸಾಗೆ ಬೆಣ್ಣೆ ಸುರಿದು ಕಾದಿದ್ದಳು. ಮೊದಲ ತುತ್ತಿಗೆ ಹುಳಿ ವಾಸನೆ ಬಂತು. ಎರಡನೆಯದಕ್ಕೂ ಚೂರು ಬಂತು. ಮೂರನೆಯದಕ್ಕೆ ಬರಲಿಲ್ಲ, ಊಟದ ರುಚಿಯಷ್ಟೇ ಉಳಿಯಿತು. ತಟ್ಟೆ ನೆಕ್ಕಿ ಇನ್ನೊಮ್ಮೆ ಹಾಕಿಸಿಕೊಂಡೆ.

ಮುಂದಿನ ವರ್ಷ ಹಣ್ಣು ಕೀಳುವ ಒಂದು ತಿಂಗಳ ಮೊದಲೇ ವಾಸ್ಸಾ ಬಿಡುತ್ತೇನೆ ಎಂದೆ.

"ನೀವೇ ತೀರ್ಮಾನ ಮಾಡಿದ್ರಾ, ಅವ್ವನ್ನ ಕೇಳಿದ್ರಾ?" ಎಂದಳು ವರ್ಕ್‌ನೆಶ್.

ಬಸ್ಸಿನಲ್ಲಿ ಕೇಳಿಯಾಗಿತ್ತು.